ಕಾರಿನ ಜ್ವರವೂ ನನ್ನ ವೈದ್ಯವೂ

ಎಂಜಿನ್ ಬಿಸಿಯಾದರೆ ಹೆದರುವುದು ವೀಡಿಯೋ ನೋಡದ ಜನ. ನಾನು ನೋಡಿದ್ದೆ. ಹದಿನಾಲ್ಕು ವರ್ಷ ಬೇರೆಯವರ ಮನೆಯಲ್ಲಿ ದುಡಿದಿದ್ದ ಕಾರೊಂದನ್ನು ಕೊಂಡು ತಂದು ಜೀವನ್ ಬಿಮಾ ನಗರದ ನಮ್ಮ ಮನೆಯ ಮುಂದೆ ನಿಲ್ಲಿಸಿದ ದಿನದಿಂದ, ಊಟ ಮಾಡುವಾಗಲೂ ಕಾರು ರಿಪೇರಿಯ ವೀಡಿಯೋಗಳನ್ನೇ ನೋಡುತ್ತಿದ್ದೆ. ಮೂರು ತಿಂಗಳಲ್ಲಿ ಎಂಜಿನ್ನಿನ ಭಾಗಗಳ ಹೆಸರೆಲ್ಲ ಬಾಯಿಪಾಠವಾಗಿತ್ತು. ಅವು ಎಲ್ಲಿರುತ್ತವೆ ಎಂಬುದೊಂದೇ ತಿಳಿದಿರಲಿಲ್ಲ.

ಆ ಭಾನುವಾರ ಕೆ.ಆರ್. ಪುರದಲ್ಲಿ ನನ್ನ ಭಾವಮೈದುನನ ಮಗಳ ನಿಶ್ಚಿತಾರ್ಥ. ಹಾರ ತರುವ ಹೊಣೆ ನಮ್ಮದು. ಬೆಳಗ್ಗೆಯೇ ಹೆಂಡತಿ ಸುಮಾಳನ್ನೂ ಅತ್ತೆಯವರನ್ನೂ ಕೂರಿಸಿಕೊಂಡು ರಸೆಲ್ ಮಾರುಕಟ್ಟೆಗೆ ಹೋಗಿ, ಮೊದಲೇ ಹೇಳಿಟ್ಟಿದ್ದ ಎರಡು ಗುಲಾಬಿ ಹಾರಗಳನ್ನು ತೆಗೆದುಕೊಂಡು ಹೊರಟೆ. ಆಗ ಗಂಟೆ ಒಂಬತ್ತು. ಹತ್ತೂವರೆಗೆ ಮುಹೂರ್ತ.

ಶಿವಾಜಿನಗರದ ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ಮೇಲೇರಿತು. ಕಾರು ಓಡತೊಡಗಿದ ಮೇಲೆ ಇಳಿಯಿತು. ಮುಂದಿನ ಸಿಗ್ನಲ್ಲಿನಲ್ಲಿ ಮತ್ತೆ ಏರಿತು.

ಹಿಂದಿನ ಸೀಟಿನಲ್ಲಿ ಹಾರದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅತ್ತೆ ಆ ಮುಳ್ಳನ್ನೇ ನೋಡುತ್ತಿದ್ದರು.

"ಅಳಿಯಂದ್ರೇ, ಓಡುವಾಗ ಸುಮ್ನಿರುತ್ತೆ, ನಿಂತ್ರೆ ಬಿಸಿಯಾಗುತ್ತೆ. ಇದಕ್ಕೆ ಗಾಳಿ ಸಾಲ್ತಿಲ್ಲ" ಎಂದರು.

ನಾನು ಕನಿಕರದಿಂದ ನಕ್ಕೆ. "ಅಷ್ಟು ಸುಲಭ ಅಲ್ಲ ಅತ್ತೆ. ಇದು ಥರ್ಮೋಸ್ಟಾಟ್ ಸಮಸ್ಯೆ."

"ಹಾಗಂದ್ರೆ?" ಸುಮಾ ಕೇಳಿದಳು.

"ಎಂಜಿನ್ ನೀರಿಗೆ ದಾರಿ ಬಿಡೋ ಬಾಗಿಲು."

"ಎಲ್ಲಿದೆ?"

"ಒಳಗೆ."

ಹಲಸೂರು ತಲುಪುವ ಹೊತ್ತಿಗೆ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. ಇಂಥ ಹೊತ್ತಿನಲ್ಲಿ ಹೀಟರ್ ಹಾಕಿದರೆ ಎಂಜಿನ್ನಿನ ಬಿಸಿ ಕಾರಿನೊಳಕ್ಕೆ ಬಂದು, ಎಂಜಿನ್ ತಣ್ಣಗಾಗುತ್ತದೆ ಎಂದು ಒಂದು ವೀಡಿಯೋದಲ್ಲಿ ಹೇಳಿದ್ದರು. ಅದು ನಿಜ. ಆದರೆ ಏಪ್ರಿಲ್ ತಿಂಗಳಲ್ಲಿ, ರೇಷ್ಮೆ ಸೀರೆ ಉಟ್ಟ ಇಬ್ಬರು ಹೆಂಗಸರನ್ನು ಒಳಗೆ ಕೂರಿಸಿಕೊಂಡು ಮಾಡಿ ಎಂದು ಅವರು ಹೇಳಿರಲಿಲ್ಲ.

"ರೀ, ಬಿಸಿಗಾಳಿ ಬರ್ತಿದೆ."

"ಬರ್ಲಿ. ಎಂಜಿನ್ ತಣ್ಣಗಾಗ್ತಿದೆ."

"ನಾವು?"

ಈ ಪ್ರಶ್ನೆಗೆ ವೀಡಿಯೋದಲ್ಲಿ ಉತ್ತರವಿರಲಿಲ್ಲ. ಕಿಟಕಿಗಳನ್ನು ಇಳಿಸಿದೆವು. ಅತ್ತೆಯವರ ಹಣೆಯ ಕುಂಕುಮ ಕರಗಿ ಮೂಗಿನ ತುದಿಗೆ ಬಂದಿತ್ತು. ಪಕ್ಕದ ಬೈಕಿನವನು ಒಳಗೆ ಇಣುಕಿ, "ಗುರು, ಹಿಂದೆ ಆಂಟಿಗೆ ಸ್ವಲ್ಪ ನೀರು ಕೊಡಿ" ಎಂದ.

ಅಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಬಂತು. ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಬಾನೆಟ್ ತೆರೆಯಲು ಒಂದು ಲಿವರ್ ಎಳೆದೆ. ಪೆಟ್ರೋಲ್ ಮುಚ್ಚಳ ತೆರೆಯಿತು. ಇನ್ನೊಂದು ಎಳೆದೆ. ಡಿಕ್ಕಿ ತೆರೆಯಿತು. ಮೂರನೆಯದಕ್ಕೆ ಬಾನೆಟ್ ಒಪ್ಪಿಕೊಂಡಿತು.

ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆಗೆಯಬಾರದು ಎಂಬುದು ನನಗೆ ಗೊತ್ತಿತ್ತು. ಆದ್ದರಿಂದ ಬಹಳ ಎಚ್ಚರಿಕೆಯಿಂದ, ಪಕ್ಕದಲ್ಲಿದ್ದ ಬಿಳಿ ಪ್ಲಾಸ್ಟಿಕ್ ಡಬ್ಬಕ್ಕೆ ಮೂರು ಬಾಟಲಿ ನೀರು ಸುರಿದೆ. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಮುಳ್ಳು ಕೆಂಪು ಗೆರೆ ಬಿಟ್ಟು ಅಲ್ಲಾಡಲಿಲ್ಲ.

ಸುಮಾ ಬಗ್ಗಿ ನೋಡಿದಳು. "ರೀ, ಈ ಮುಚ್ಚಳದ ಮೇಲೆ ವೈಪರ್ ಚಿತ್ರ ಇದೆಯಲ್ಲ?"

ಇತ್ತು. ಅದು ಮುಂದಿನ ಗಾಜು ತೊಳೆಯುವ ನೀರಿನ ಡಬ್ಬ.

ಅತ್ತೆ ಬುಟ್ಟಿಯೊಂದಿಗೆ ಕೆಳಗಿಳಿದರು. "ಸುಮಾ, ಮೆಟ್ರೋ ಹತ್ತೋಣ ಬಾ. ಅಳಿಯಂದ್ರು ಗಾಜು ತೊಳ್ಕೊಂಡು ನಿಧಾನಕ್ಕೆ ಬರ್ಲಿ."

ಇಬ್ಬರೂ ಹಲಸೂರು ಸ್ಟೇಷನ್ನಿನ ಕಡೆ ನಡೆದುಬಿಟ್ಟರು. ಸುಮಾ ಒಮ್ಮೆಯಾದರೂ ತಿರುಗಿ ನೋಡುತ್ತಾಳೆಂದು ಕಾದೆ. ನೋಡಲಿಲ್ಲ.

ವಿಚಾರಿಸಿದಾಗ ಎರಡು ರಸ್ತೆ ಆಚೆ ಮುನೀರ್ ಭಾಯಿ ಎಂಬ ಮೆಕ್ಯಾನಿಕ್ ಸಿಕ್ಕರು. ಅವರು ಬಂದು ಬಾನೆಟ್ಟಿನ ಮುಂದೆ ಕೈಕಟ್ಟಿ ನಿಂತರು. ನಾನು ಥರ್ಮೋಸ್ಟಾಟ್, ವಾಟರ್ ಪಂಪ್, ಹೆಡ್ ಗ್ಯಾಸ್ಕೆಟ್ ಎಂದು ಮೂರು ಸಾಧ್ಯತೆಗಳನ್ನು ಕ್ರಮವಾಗಿ ಮಂಡಿಸಿದೆ. ಪೂರ್ತಿ ಕೇಳಿಸಿಕೊಂಡು ಅವರು ಒಂದೇ ಪ್ರಶ್ನೆ ಹಾಕಿದರು.

"ಗಾಡಿ ಓಡುವಾಗ ಹೀಟ್ ಆಗ್ತದಾ ಸಾರ್, ನಿಂತಾಗಾ?"

"ನಿಂತಾಗ."

"ಹಂಗಾದ್ರೆ ಫ್ಯಾನ್ ತಿರುಗ್ತಿಲ್ಲ. ಗಾಳಿ ಸಾಲ್ತಿಲ್ಲ."

ಅವರು ಫ್ಯೂಸಿನ ಪೆಟ್ಟಿಗೆ ತೆರೆದರು. ಒಂದು ಜಾಗ ಖಾಲಿಯಿತ್ತು.

"ಇಲ್ಲಿದ್ದ ಫ್ಯೂಸ್ ಯಾರು ತೆಗೆದ್ರು ಸಾರ್?"

ನಾನು ಆಕಾಶ ನೋಡಿದೆ. ಹಿಂದಿನ ದಿನ ಹಾರ್ನ್ ಕೆಟ್ಟಿತ್ತು. ಸುಟ್ಟ ಫ್ಯೂಸ್ ಬದಲಿಸುವುದು ಹೇಗೆಂದು ವೀಡಿಯೋ ನೋಡಿ, ಅಗತ್ಯವಿಲ್ಲದ್ದೊಂದನ್ನು ಕಿತ್ತು ಹಾರ್ನಿಗೆ ಹಾಕಿದ್ದೆ. ಪೆಟ್ಟಿಗೆಯ ಮುಚ್ಚಳದಲ್ಲಿ ಆ ಜಾಗಕ್ಕೆ ಹೂವಿನಂಥ ಚಿತ್ರವಿತ್ತು. ಕಾರಿಗೆ ಹೂವಿನಿಂದ ಏನು ಕೆಲಸ ಎಂದುಕೊಂಡಿದ್ದೆ. ಅದು ಫ್ಯಾನಿನ ಚಿತ್ರವಂತೆ.

"ಹಾರ್ನ್ ಮಾತ್ರ ಚೆನ್ನಾಗಿ ಹೊಡೀತದಲ್ವಾ?" ಎಂದು ಮುನೀರ್ ಭಾಯಿ ಬಹಳ ಮರ್ಯಾದೆಯಿಂದ ಕೇಳಿದರು.

ಹೊಸ ಫ್ಯೂಸ್ ಹಾಕಿ, ಸರಿಯಾದ ಜಾಗಕ್ಕೆ ನೀರು ತುಂಬಿಸಿ ಕಳುಹಿಸಿದರು. ನಾನು ಕೆ.ಆರ್. ಪುರ ತಲುಪಿದಾಗ ಹಾರ ಹಾಕಿಯಾಗಿತ್ತು, ಉಂಗುರ ತೊಡಿಸಿಯಾಗಿತ್ತು, ಎರಡನೇ ಪಂಕ್ತಿಗೆ ಪಾಯಸ ಬಡಿಸುತ್ತಿದ್ದರು. ಗಂಡಿನ ಕಡೆಯವರೆಲ್ಲ ನನ್ನನ್ನು ನೋಡಿ ನಕ್ಕರು. ನಾನು ಯಾರೆಂದು ಯಾರೂ ಪರಿಚಯಿಸಬೇಕಾಗಲಿಲ್ಲ.

ಈಗಲೂ ಕಾರು ಏನಾದರೂ ಸದ್ದು ಮಾಡಿದರೆ ಸುಮಾ ನನ್ನನ್ನು ಕೇಳುವುದಿಲ್ಲ. ತಾಯಿಗೆ ಫೋನ್ ಮಾಡುತ್ತಾಳೆ. ಅತ್ತೆ ಆ ಕಡೆಯಿಂದ ಗಮನವಿಟ್ಟು ಕೇಳಿಸಿಕೊಂಡು ರೋಗ ಯಾವುದೆಂದು ಹೇಳುತ್ತಾರೆ. ಫೋನನ್ನು ಬಾನೆಟ್ಟಿನ ಹತ್ತಿರ ಅಲ್ಲಾಡದಂತೆ ಹಿಡಿದುಕೊಳ್ಳುವ ಕೆಲಸ ನನ್ನದು. ಅದನ್ನು ಚೆನ್ನಾಗಿಯೇ ಮಾಡುತ್ತೇನಂತೆ.