ಫೈಬರ್ ದೋಣಿಯ ಗಾಳಿಕಿಂಡಿ

ಗಾಳಿಗೆ ದುಡ್ಡು ಕೊಡಬೇಕಾಗಿಲ್ಲ ಎಂದು ಹೇಳುವವರು ದೋಣಿ ಸಾಕಿದವರಲ್ಲ. ನಾನು ಮದರಾಸಿನಲ್ಲಿ ಅಕ್ಕಿಗೆ, ಸೌದೆಗೆ, ಕೊನೆಗೆ ಎಂಜಲೆಲೆ ಎತ್ತಿಕೊಂಡು ಹೋಗುವ ಗಾಡಿಗೂ ಚೌಕಾಸಿ ಮಾಡಿಯೇ ಬದುಕು ಕಟ್ಟಿಕೊಂಡವನು. ಕುಂದಾಪುರದ ಕಡೆಯಿಂದ ಬಂದು ಲೋಟ ತೊಳೆಯುವ ಕೆಲಸದಿಂದ ಹಿಡಿದು ಎಗ್ಮೋರಿನ ಹತ್ತಿರ ಸ್ವಂತ ಹೋಟೆಲಿನ ಗಲ್ಲಾದ ಹಿಂದೆ ಕೂರುವ ತನಕ ನನ್ನನ್ನು ಕೈಹಿಡಿದು ನಡೆಸಿದ್ದು ‘ಅಷ್ಟಾಗುವುದಿಲ್ಲ, ಇಷ್ಟಕ್ಕೆ ಕೊಡು’ ಎಂಬ ಒಂದೇ ಮಂತ್ರ. ಅದಕ್ಕೊಂದು ಉಪಮಂತ್ರವೂ ಉಂಟು: ವ್ಯಾಪಾರ ಮುಗಿದ ಮೇಲೆ ಕೊಸರು ಕೇಳುವುದು. ಕೊಸರು ಕೇಳದೆ ಅಂಗಡಿಯ ಮೆಟ್ಟಿಲಿಳಿದವನು ಮಜ್ಜಿಗೆ ಬಡಿಸುವ ಮೊದಲೇ ಎಲೆ ಬಿಟ್ಟು ಎದ್ದವನಂತೆ ಎಂದು ನಾನು ಹೊಸ ಹೋಟೆಲಿಗರಿಗೆಲ್ಲ ಹೇಳುತ್ತ ಬಂದಿದ್ದೇನೆ. ಅವರು ಕೇಳಿದ್ದಾರೋ ಇಲ್ಲವೋ, ನಾನಂತೂ ಹೇಳಿದ್ದೇನೆ.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಬಂದರಿನ ಗುಜರಿಯಲ್ಲಿ, ಯಾವುದೋ ಹಡಗಿನಿಂದ ಕಳಚಿ ಹಾಕಿದ್ದ ಫೈಬರ್ ಗ್ಲಾಸಿನ ದೋಣಿಯೊಂದು ನನಗೆ ಸಿಕ್ಕಿತು. ಮದರಾಸಿನ ನಡುವೆ ಹಾದುಹೋಗುವ ದೋಣಿ ಕಾಲುವೆಯ ಉತ್ತರದ ಹಳ್ಳಿಗಳಿಂದ ಹೋಟೆಲಿಗೆ ಬಾಳೆಲೆ ತರಿಸಿಕೊಂಡರೆ ಮಾರ್ಕೆಟ್ಟಿನವರ ಹಂಗಿಲ್ಲ ಎಂಬುದು ನನ್ನ ಲೆಕ್ಕಾಚಾರ. ಎಲೆಗೆ ಬಿಸಿಲು ತಾಗಬಾರದೆಂದು ಮೇಲೆ ಹಲಗೆ ಹೊಡೆಸಿ, ಟಾರ್ಪಾಲು ಬಿಗಿಸಿ, ಭದ್ರವಾಗಿ ಮುಚ್ಚಿಸಿದೆ. ಮೊದಲ ಸಲ ಎಲೆ ತಂದು ಮುಚ್ಚಳ ತೆಗೆದಾಗ ಒಳಗಿನಿಂದ ಹಬೆ ಬಂತು. ಮರದ ದೋಣಿಯ ಸಂದುಗಳಲ್ಲಿ ಗಾಳಿ ಸುಳಿಯುತ್ತದೆ. ಫೈಬರಿಗೆ ಸಂದೇ ಇಲ್ಲ. ನಾನು ಕೊಂಡದ್ದು ದೋಣಿಯ ಆಕಾರದ ಇಡ್ಲಿ ಪಾತ್ರೆ. ಎಲೆಗಳೆಲ್ಲ ಹದವಾಗಿ ಬೆಂದಿದ್ದವು.

ಇದು ಬರಿಯ ಹೋಟೆಲಿನ ವಿಷಯವಾಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಆದರೆ ಮುಂದಿನ ತಿಂಗಳೇ ಮಗಳು ಸುಮತಿಯ ಮದುವೆ. ಬೀಗರಾಗುವವರು ನಮ್ಮೂರ ಕಡೆಯವರೇ, ನನಗಿಂತ ದೊಡ್ಡ ಹೋಟೆಲಿಗರು. ನಿಶ್ಚಿತಾರ್ಥದ ದಿನ ಅವರು ಬಹಳ ಮರ್ಯಾದೆಯಿಂದ ಒಂದು ಮಾತು ಹೇಳಿದ್ದರು: “ಭಟ್ರೇ, ಬೇರೆ ಎಂಥದೂ ಬೇಡ. ಎಲೆ ಒಂದು ಲಾಯ್ಕಿರ್ಲಿ. ನಮ್ಮವ್ರು ಊಟಕ್ಕಿಂತ ಮುಂಚೆ ಎಲೆ ನೋಡ್ತ್ರ್.” ನಾನು ಎಲ್ಲರೆದುರು ಎದೆಯುಬ್ಬಿಸಿ, ಎಲೆ ನನ್ನ ಸ್ವಂತ ದೋಣಿಯಲ್ಲೇ ಬರುತ್ತದೆ ಎಂದುಬಿಟ್ಟಿದ್ದೆ. ಹುಡುಗಿ ಆ ಮನೆಗೆ ಕಾಲಿಡುವ ಮೊದಲೇ ಅವಳ ಅಪ್ಪನ ಎಲೆಯ ಮಾತು ಅಲ್ಲಿ ಓಡಾಡಿದರೆ, ಅದನ್ನು ಕೇಳಿಕೊಂಡು ಬಾಳಬೇಕಾದವಳು ಅವಳು, ನಾನಲ್ಲ.

ಆದ್ದರಿಂದ ಗಾಳಿಕಿಂಡಿ. ನಮ್ಮ ರುಬ್ಬುವ ಯಂತ್ರ ರಿಪೇರಿ ಮಾಡುವ ಫಿಟ್ಟರ್ ಸೆಲ್ವರಾಜನನ್ನು ಕರೆಸಿದೆ. ಅವನಿಗೂ ನನಗೂ ಗೊತ್ತಿದ್ದದ್ದು ಅಡುಗೆಮನೆ ಒಂದೇ. ಅಡುಗೆಮನೆಯಲ್ಲಿ ಬಿಸಿಗಾಳಿ ಮೇಲಿಂದ ಹೋಗಬೇಕು, ತಣ್ಣನೆಯದು ಕೆಳಗಿಂದ ಬರಬೇಕು. ದೋಣಿಗೂ ಅದೇ ಶಾಸ್ತ್ರ ಎಂದು ಇಬ್ಬರೂ ಒಪ್ಪಿದೆವು. ಹಲಗೆಯ ಮೇಲೆ ಎರಡು ಕೊಳವೆ, ಪಕ್ಕಗಳಲ್ಲಿ ತಗ್ಗಿನಲ್ಲಿ ದುಂಡನೆಯ ಹಿತ್ತಾಳೆ ಕಿಂಡಿಗಳು. ಗುಜರಿಯವನು ಮುಚ್ಚಳವಿರುವ ಕಿಂಡಿಗಳನ್ನೂ ತೋರಿಸಿದ. ಗಾಳಿ ಬರಲೆಂದು ಮಾಡುವ ತೂತಿಗೆ ಮುಚ್ಚಳವೇಕೆಂದು ವಾದಿಸಿ ಇಲ್ಲದವನ್ನೇ ಅಗ್ಗಕ್ಕೆ ತಂದೆ. ಎಲೆಯಷ್ಟೇ ತೂಕದ ಅಕ್ಕಿಮೂಟೆ ಹೇರಿ, ನೀರು ಎಲ್ಲಿಯವರೆಗೆ ಬರುತ್ತದೆಂದು ಸುಣ್ಣದ ಗೆರೆ ಎಳೆದು, ಅದಕ್ಕಿಂತ ಒಂದು ಗೇಣು ಮೇಲೆಯೇ ಕೊರೆಸಿದೆ. ನನ್ನನ್ನು ಅವಿವೇಕಿ ಎನ್ನುವಂತಿಲ್ಲ.

ಇಲ್ಲೊಂದು ಸಲಹೆ. ಫೈಬರ್ ಕೊರೆಯುವಾಗ ಹಲಸಿನ ಹಣ್ಣು ಬಿಡಿಸುವವರಂತೆ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಬೇಡಿ. ಹಲಸಿನ ಮೇಣ ಎಣ್ಣೆಗೆ ಹೆದರುತ್ತದೆ. ಫೈಬರಿನ ಪುಡಿ ಎಣ್ಣೆ ಕಂಡಲ್ಲಿ ಸಂಸಾರ ಹೂಡುತ್ತದೆ. ನಾನು ಎಷ್ಟೋ ದಿನ ಗಲ್ಲಾದಲ್ಲಿ ಕೂತು ಮೊಣಕೈವರೆಗೆ ತುರಿಸಿಕೊಂಡೆ. ಗಿರಾಕಿಗಳು ಚಿಲ್ಲರೆಯನ್ನು ನನ್ನ ಕೈಯಿಂದ ತೆಗೆದುಕೊಳ್ಳದೆ, ಮೇಜಿನ ಮೇಲಿಡಿ ಎನ್ನುತ್ತಿದ್ದರು.

ಮದುವೆಯ ಹಿಂದಿನ ದಿನ ಬೆಳಗ್ಗೆ ಅಂಬಿಗ ಆರುಮುಗಂ ಜೊತೆ ದೋಣಿಯಲ್ಲಿ ಬಾಳೆತೋಟಕ್ಕೆ ಹೋದೆ. ಎಲೆಗಳು ಸೊಗಸಾಗಿದ್ದವು. ಬೆಲೆ ಕುದುರಿತು. ನನ್ನ ಬಾಯಿ ನನ್ನನ್ನು ಕೇಳದೆಯೇ ಕೊಸರು ಕೇಳಿತು. ತೋಟದ ಯಜಮಾನರು, ಮಗಳ ಮದುವೆ ಎಂದು ತಿಳಿದದ್ದೇ ತಡ, ಉದಾರರಾದರು. ಚಪ್ಪರದ ಬಾಗಿಲಿಗೆ ಕಟ್ಟಲು ಗೊನೆಸಮೇತ ಬಾಳೆಕಂಬ ಕೊಡಿಸಿದರು. ಸಾಂಬಾರಿಗೆ ದಿಂಡು, ಪಲ್ಯಕ್ಕೆ ಹೂವು, ಮೇಲೆ ಇನ್ನೆರಡು ಗೊನೆ. ನಾನು ಬೇಡವೆನ್ನಲಿಲ್ಲ. ಬೇಡವೆನ್ನುವ ಅಭ್ಯಾಸ ನನಗೆ ಬೆಲೆಯ ವಿಷಯದಲ್ಲಿ ಮಾತ್ರ ಇತ್ತು. ಸುಣ್ಣದ ಗೆರೆ ನೀರಿನೊಳಗೆ ಹೋದದ್ದನ್ನು ನೋಡಿದೆ, ಆದರೂ ಕಿಂಡಿ ಇನ್ನೂ ಮೇಲಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಕಾಲುವೆಯ ಅರ್ಧದಾರಿಯಲ್ಲಿ ಸೌದೆ ತುಂಬಿದ ದೊಡ್ಡ ದೋಣಿಯೊಂದು ಎದುರಾಗಿ ಪಕ್ಕದಲ್ಲೇ ಹಾದುಹೋಯಿತು. ಅದರ ಅಲೆ ನಮ್ಮ ಹಿತ್ತಾಳೆ ಕಿಂಡಿಗಳನ್ನು ಹುಡುಕಿಕೊಂಡು ಬಂದಂತೆ ಒಳನುಗ್ಗಿತು. ದೋಣಿ ವಾಲಿತು. ನಮ್ಮ ಹೋಟೆಲಿನಲ್ಲಿ ಕನ್ನಡ ಕಲಿತಿದ್ದ ಆರುಮುಗಂ, ಕಂಬಗಳನ್ನು ನೀರಿಗೆ ಹಾಕಿ ಎಂದ. ನಾನು, ದಿಂಡು ಮಾತ್ರ ಹಾಕೋಣ ಎಂದೆ. ಅವನು, ಗೊನೆಯನ್ನಾದರೂ ಎಂದ. ನಾನು, ಒಂದು ಗೊನೆ ಎಂದೆ.

“ಸಾಮಿ, ನೀರಿನ ಹತ್ರ ಬೇರಂ ಮಾಡಬೇಡಿ,” ಎಂದ ಆರುಮುಗಂ. “ಅದಕ್ಕೆ ಕಾಯೋಕೆ ಗೊತ್ತಿಲ್ಲ.”

ನಾನು ಕಂಬ ಬಿಸಾಡಲಿಲ್ಲ. ಅದಕ್ಕಿಂತ ಅಗ್ಗದ ಉಪಾಯ ಹೊಳೆಯಿತು. ನನ್ನ ಅಂಗವಸ್ತ್ರ, ಅವನ ತಲೆಗೆ ಸುತ್ತಿದ್ದ ಬಟ್ಟೆ, ಅಲ್ಲಿದ್ದ ಗೋಣಿತಾಟು ಎಲ್ಲವನ್ನೂ ಹರಿದು ಕಿಂಡಿಗಳಿಗೆ ಗಿಡಿದೆವು. ನೀರು ನಿಂತಿತು. ಕೆಳಗಿಂದ ಬರುವ ಗಾಳಿಯೂ ನಿಂತಿತು. ಮೇಲೆ ಮದರಾಸಿನ ಬಿಸಿಲು, ಒಳಗೆ ಒಂದಿಷ್ಟು ನೀರು, ಬಾಯಿ ಮುಚ್ಚಿದ ಪಾತ್ರೆ. ಮುಂದಿನದನ್ನು ಅಡುಗೆಯವರಿಗೆ ಹೇಳಬೇಕಾಗಿಲ್ಲ.

ಸಂಜೆ ಛತ್ರದ ಅಂಗಳದಲ್ಲಿ ಕಟ್ಟು ಬಿಚ್ಚಿದಾಗ ನನ್ನ ಹೆಂಡತಿ ರುಕ್ಮಿಣಿ ಒಂದೆಲೆ ಎತ್ತಿದಳು. ಅದು ಒದ್ದೆ ಬಟ್ಟೆಯಂತೆ ಜೋತುಬಿತ್ತು. “ಇದ್ರಗೆ ಬಡ್ಸುದಾ, ಪಾರ್ಸೆಲ್ ಕಟ್ಟುದಾ?” ಎಂದು ಮೆಲ್ಲಗೆ ಕೇಳಿದಳು. ಕೈಗೆ ಮದರಂಗಿ ಹಚ್ಚಿಕೊಂಡು ಕೂತಿದ್ದ ಸುಮತಿ ಇಣುಕಿ ನೋಡಿ, “ಪರವಾಯಿಲ್ಲೆಪ್ಪಾ,” ಎಂದಳು. ಅವಳಿಗೆ ದುಃಖವಾದಾಗ ತಮಿಳೇ ಬರುವುದು. ಅವಳು ನನ್ನನ್ನು ಬೈದಿದ್ದರೆ ಆ ರಾತ್ರಿ ಸ್ವಲ್ಪ ನಿದ್ದೆ ಬರುತ್ತಿತ್ತು.

ಬೆಳಕು ಹರಿಯುವಾಗ ಕೊತ್ತವಾಲ್ ಚಾವಡಿಯ ಮಾರ್ಕೆಟ್ಟಿನಲ್ಲಿದ್ದೆ. ಎಲೆ ವ್ಯಾಪಾರಿ ಮುನುಸಾಮಿ ನನ್ನ ಹಳೆಯ ಎದುರಾಳಿ. ನನ್ನನ್ನು ಕಂಡರೆ ಜಗಳಕ್ಕೆ ಸಿದ್ಧನಾಗಿ ಚಾಪೆಯ ಮೇಲೆ ನೆಟ್ಟಗೆ ಕೂರುವವನು. ಅವನು ಬೆಲೆ ಹೇಳಿದ. ಮುಹೂರ್ತ ಬೇರೆ ಹತ್ತಿರ ಬರುತ್ತಿತ್ತು. ನಾನು ಸುಮ್ಮನೆ, ಕಟ್ಟು ಎಂದೆ.

ಮುನುಸಾಮಿಯ ಕೈ ನಿಂತಿತು. ಕ್ಷೌರವಿಲ್ಲದ ನನ್ನ ಮುಖ, ಕಾಲುವೆಯ ಕೆಸರು ಹತ್ತಿದ ಪಂಚೆ, ಅಂಗವಸ್ತ್ರವಿಲ್ಲದ ಹೆಗಲು ಎಲ್ಲವನ್ನೂ ನೋಡಿದ. ಎದ್ದು ಬಂದು ನನ್ನ ತೋಳು ಹಿಡಿದುಕೊಂಡ. ಚೌಕಾಸಿ ಮಾಡದೆ ಎಲೆ ಕೊಳ್ಳುವುದು ಯಾವ ಮನೆಯವರು ಎಂದು ಅವನಿಗೂ ಗೊತ್ತು, ನನಗೂ ಗೊತ್ತು.

“ಯಾರು ಹೋದ್ರು ಸಾಮಿ?” ಎಂದ, ದನಿ ತಗ್ಗಿಸಿ. “ವಯಸ್ಸಾದವರಾ?” ಉತ್ತರಕ್ಕೂ ಕಾಯದೆ, ಇಂಥ ಸಮಯದಲ್ಲಿ ಲಾಭ ತೆಗೆದುಕೊಳ್ಳುವ ಪಾಪಿ ತಾನಲ್ಲ, ಅರ್ಧ ಕೊಟ್ಟರೆ ಸಾಕು ಎಂದ.

ಅರ್ಧ. ನನ್ನ ಜೀವಮಾನದಲ್ಲಿ ಅವನನ್ನು ಅಷ್ಟು ಇಳಿಸಲು ನನ್ನಿಂದ ಆಗಿರಲಿಲ್ಲ. ಒಂದು ಕ್ಷಣ ನಾನು ಬಾಯಿ ತೆರೆಯಲಿಲ್ಲ ಎಂಬುದನ್ನು ರುಕ್ಮಿಣಿಗೆ ಇವತ್ತಿಗೂ ಹೇಳಿಲ್ಲ. ಆಮೇಲೆ, ಮದರಂಗಿ ಒಣಗುವ ಮುಂಚೆ ಇಣುಕಿದ ಆ ಮುಖ ನೆನಪಾಯಿತು. “ಮಗಳ ಮದುವೆಯಪ್ಪಾ,” ಎಂದೆ.

ಅವನು ನಂಬಲಿಲ್ಲ. ದುಃಖದಲ್ಲಿ ತಲೆ ಕೆಟ್ಟಿದೆ ಎಂದುಕೊಂಡನೋ ಏನೋ, ಇನ್ನೂ ಗಟ್ಟಿಯಾಗಿ ತೋಳು ಹಿಡಿದ. ಮದುವೆಗೆ ಒಯ್ಯುವ ಎಲೆಯನ್ನು ಸಾವಿನ ಮನೆಯದೆಂದು ಕಟ್ಟಿಸಿಕೊಂಡು ಹೋಗುವುದು ಹೇಗೆ? ಬೇರೆ ದಾರಿಯಿಲ್ಲದೆ ಚೌಕಾಸಿ ಶುರು ಮಾಡಿದೆ. ಇದೇನು ಎಲೆಯೋ, ಅಂಚು ಹರಿದಿದೆ, ಇದಕ್ಕೆ ಇಷ್ಟು ಬೆಲೆಯೇ, ಹಗಲು ದರೋಡೆ, ಪಕ್ಕದ ಸಾಲಿನವನು ಇದರ ಮುಕ್ಕಾಲಿಗೆ ಕೊಡುತ್ತಾನೆ. ಮುನುಸಾಮಿಯ ಮುಖ ನಿಧಾನವಾಗಿ ಅರಳಿತು. ನನ್ನ ತೋಳು ಬಿಟ್ಟು, ಚಾಪೆಗೆ ಹಿಂತಿರುಗಿ, ನೆಟ್ಟಗೆ ಕುಳಿತ.

“ನಿಜವಾಗ್ಲೂ ಕಲ್ಯಾಣವೇ,” ಎಂದು ಕೈಮುಗಿದು, ಮೊದಲು ಹೇಳಿದ ಬೆಲೆಗೇ ಎಲೆ ಕಟ್ಟತೊಡಗಿದ. “ಶುಭಕಾರ್ಯದವರಿಗೆ ಬೆಲೆ ಇಳಿಸೋದುಂಟಾ ಸಾಮಿ?”