ಕೆಂಪಕ್ಕನ ನೂರಾ ಹದಿನಾರು ಪದಗಳನ್ನು ನುಂಗಿದ ಹಾರ್ಡ್ ಡಿಸ್ಕ್

ತುರುವೇಕೆರೆ, ಮೇ ೨೦೦೩

ಅಕ್ಷಯಸ್ಮೃತಿ ಹಾರ್ಡ್ ಡಿಸ್ಕ್ ಕಂಪನಿಯ ವ್ಯವಸ್ಥಾಪಕರ ಸನ್ನಿಧಾನಕ್ಕೆ,

ಮಾನ್ಯರೇ,

ತುರುವೇಕೆರೆಯಲ್ಲಿ ಟೈಪಿಂಗ್ ಶಾಲೆ ನಡೆಸುವ ನಾನು, ತಾವು ಕುಟುಂಬ ಹಾಗೂ ಗೋದಾಮು ಸಮೇತ ಕ್ಷೇಮವಾಗಿರುವಿರೆಂದು ನಂಬಿ, ತಮ್ಮ ಡಿಸ್ಕಿನ ನಿಧನದ ಪೂರ್ಣ ವೃತ್ತಾಂತವನ್ನು ವಿನಯಪೂರ್ವಕ ಅರುಹುತ್ತಿದ್ದೇನೆ.

ಅದನ್ನು ಕೊಂಡದ್ದು ಪಕ್ಕದ ಬೀದಿಯ ಕೆಂಪಕ್ಕನವರಿಗಾಗಿ. ಎಪ್ಪತ್ತೆಂಟು ವರ್ಷದ ಅವರಿಗೆ ನೂರಾರು ಸೋಬಾನೆ ಪದಗಳು ಬಾಯಿಗೆ ಬರುತ್ತವೆ. ಜೊತೆಗೆ ದನಿಗೂಡಿಸುತ್ತಿದ್ದ ಇಬ್ಬರೂ ತೀರಿಕೊಂಡ ಮೇಲೆ ಅವನ್ನು ಬಲ್ಲವರು ಅವರೊಬ್ಬರೇ. ಪುಸ್ತಕ ಮಾಡೋಣವೆಂದು ಅವರು ಹಾಡುತ್ತ, ನಾನು ನೇರವಾಗಿ ಕಂಪ್ಯೂಟರಿಗೆ ಟೈಪ್ ಮಾಡುತ್ತ, ಒಂದು ವರ್ಷದಲ್ಲಿ ನೂರಾ ಹದಿನಾರು ಪದಗಳನ್ನು ಇಳಿಸಿದೆವು. ಡಿಸ್ಕ್ ಆರಿಸುವಾಗ ತಿಪಟೂರಿನ ಕಂಪ್ಯೂಟರ್ ಮೆಕ್ಯಾನಿಕ್ ರಯೀಸ್ ಅವರು, “ಯಾವ ಕಂಪನೀದಾದ್ರೂ ತಗೊಳ್ಳಿ ಮೇಡಂ, ಆದ್ರೆ ಎರಡು ತಗೊಳ್ಳಿ. ಒಂದು ಕೆಟ್ರೆ ಇನ್ನೊಂದಿರ್ತದೆ” ಎಂದಿದ್ದರು. ಆದರೆ ತಮ್ಮ ಡಬ್ಬಿಯ ಮೇಲೆ ‘ಎಂದೂ ಮರೆಯದು’ ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು. ಅಂಥ ಘನತೆವೆತ್ತ ಡಿಸ್ಕಿಗೆ ಜೊತೆಗಾರನನ್ನು ತಂದರೆ ಅವಮಾನವೆಂದು ಒಂದನ್ನೇ ತಂದೆ. ರಯೀಸರ ಮಾತಿಗೂ ಬೆಲೆ ಕೊಡಬೇಕಲ್ಲ ಎಂದು ಪದಗಳ ಇನ್ನೊಂದು ಪ್ರತಿಯನ್ನು ಅದೇ ಡಿಸ್ಕಿನ ಬೇರೆ ಫೋಲ್ಡರಿನಲ್ಲಿಟ್ಟೆ.

ಅಚ್ಚಿಗೆ ಕೊಡಲು ವಾರವಿರುವಾಗ ಡಿಸ್ಕ್ ಕಟಕಟ ಎನ್ನತೊಡಗಿತು. ನಮ್ಮ ಸೀಮೆಯಲ್ಲಿ ಅಟ್ಟದ ಕಾಯನ್ನು ಅಲ್ಲಾಡಿಸಿದಾಗ ಒಳಗೆ ಹಾಗೆ ಸದ್ದಾದರೆ ಕೊಬ್ಬರಿ ಚೆನ್ನಾಗಿ ಒಣಗಿದೆಯೆಂದು ಅರ್ಥ. ಕೆಂಪಕ್ಕನವರೂ ಕಿವಿಗೊಟ್ಟು ಕೇಳಿ, “ಹದವಾಗೈತೆ ಕಣವ್ವ, ಇನ್ನು ಸುಲಿಸ್ಬುಡು” ಎಂದು ಸಂತೋಷಪಟ್ಟರು. ಮರುದಿನ ಅದು ತಣ್ಣಗಾಯಿತು. ರಯೀಸ್ ಬಂದು ನೋಡಿ, ಒಂದು ಲೋಟ ನೀರು ಕೇಳಿ ನನಗೇ ಕುಡಿಸಿದರು.

ದೂರು ಬರೆದ ಹದಿನೈದೇ ದಿನಕ್ಕೆ ಗ್ಯಾರಂಟಿಯಂತೆ ತಾವು ಹೊಸ ಡಿಸ್ಕ್ ಕಳುಹಿಸಿದಿರಿ. ‘ಒಳಗಿದ್ದುದಕ್ಕೆ ಕಂಪನಿ ಜವಾಬ್ದಾರಿಯಲ್ಲ’ ಎಂಬ ಚೀಟಿಯನ್ನೂ ಇಟ್ಟಿದ್ದಿರಿ. ಮದುವಣಗಿತ್ತಿಯನ್ನು ಕಳೆದು, ಬದಲಿಗೆ ಹೊಸ ಹಸೆಮಣೆ ಕಳುಹಿಸಿದ ತಮ್ಮ ದೊಡ್ಡತನವನ್ನು ಏನೆಂದು ಹೊಗಳಲಿ!

ಇತ್ತ ಡಿಸ್ಕ್ ಸತ್ತಂದಿನಿಂದ ಕೆಂಪಕ್ಕನವರಿಗೆ ಮುಖ ತೋರಿಸಲಾರದೆ ಎಂಟು ದಿನ ಬೇರೆ ಬೀದಿ ಸುತ್ತಿಕೊಂಡು ಶಾಲೆಗೆ ಹೋದೆ. ಒಂಬತ್ತನೆಯ ದಿನ ಅವರೇ ಬಂದರು. ನಡೆದದ್ದನ್ನು ಹೇಳಿ ಅತ್ತುಬಿಟ್ಟೆ. ಅವರು, “ಅದು ಮರೆತ್ರೆ ನಾನೂ ಮರೆತ್ನಾ? ಅಳ್ಬ್ಯಾಡ ಬುಡು, ಬರ್ಕೊ” ಎಂದು ಕಾಲು ಚಾಚಿ ಕುಳಿತರು. ಈ ಸಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮುಗಿದಾಗ ನೂರಾ ಮೂವತ್ತೊಂದಾಗಿದ್ದವು! ಹೆಚ್ಚಾದ ಹದಿನೈದೂ ಬೀಗರನ್ನು ಬಯ್ಯುವ ಪದಗಳು. ಮೊದಲೇಕೆ ಹಾಡಲಿಲ್ಲವೆಂದರೆ, “ಆ ಡಬ್ಬದ ಮುಂದೆ ಹೆಂಗವ್ವ ಹಾಡೋದು, ಒಳಗೆ ಯಾರವ್ರೋ ಏನೋ” ಎಂದು ನಾಚಿದರು.

ಆದ್ದರಿಂದ ತಮ್ಮ ಮುಂದಿನ ಡಿಸ್ಕುಗಳಿಗೆ ಕೆಂಪಕ್ಕನವರಂತೆ ರಾಗಿಮುದ್ದೆ, ಹುರುಳಿಸಾರು ಉಣಿಸಿ, ಆರು ಹೆರಿಗೆ ಹಾಗೂ ಒಬ್ಬ ಅತ್ತೆಯನ್ನು ದಾಟಿಸಿ, ಆಮೇಲಷ್ಟೇ ಮಾರುಕಟ್ಟೆಗೆ ಬಿಡಬೇಕೆಂದು ಪ್ರಾರ್ಥಿಸುತ್ತೇನೆ. ಅದಾಗದಿದ್ದರೆ ಪ್ರತಿ ಡಿಸ್ಕಿನ ಜೊತೆಗೊಬ್ಬ ಅಜ್ಜಿಯನ್ನಾದರೂ ಕಳುಹಿಸಿಕೊಡುವ ಕೃಪೆಯಾಗಲಿ.

ವಿಶ್ವಾಸ ಕಳೆದುಕೊಂಡರೂ ಸೌಜನ್ಯ ಬಿಡದ
ತಮ್ಮ ವಿಶ್ವಾಸಿ,
ಭಾನುಪ್ರಿಯಾ

ತಾ.ಕ.: ಕೆಂಪಕ್ಕನವರು ತಮ್ಮ ಕಂಪನಿಯ ಮೇಲೂ ಒಂದು ಪದ ಕಟ್ಟಿದ್ದಾರೆ. ಕಳೆದ ವಾರ ಚಿಕ್ಕನಾಯಕನಹಳ್ಳಿಯ ಮದುವೆಯೊಂದರಲ್ಲಿ ಹೆಂಗಸರು ಅದನ್ನು ಮೂರು ಸಲ ಹಾಡಿಸಿ ಕಲಿತುಕೊಂಡರು. ಅದನ್ನು ಅಳಿಸುವ ದಾರಿ ತಮಗೆ ತಿಳಿದಿದ್ದರೆ ದಯವಿಟ್ಟು ಬರೆಯಿರಿ, ನಮಗಂತೂ ತಿಳಿಯದು.