ತಣ್ಣೀರು ವ್ರತಕ್ಕೆ ಮೂವತ್ತೆಂಟು ಪರ್ಸೆಂಟ್

ಅಂದಾಜಿನ ಮೇಲೆ ಬದುಕುವವರನ್ನು ಕಂಡರೆ ಕೇಶವಮೂರ್ತಿಗಳಿಗೆ ಮೈಯುರಿ. ಅಂದಾಜಿನಲ್ಲಿ ಹುಳಿಗೆ ಉಪ್ಪು ಹಾಕುವ ಹೆಂಡತಿ, ಅಂದಾಜಿನಲ್ಲಿ ಮನೆ ಸೇರುವ ಮಗಳು, ಅಂದಾಜಿನಲ್ಲಿ ಬರುವ ಹಾರ್ಬರ್ ಲೈನಿನ ಲೋಕಲ್ ರೈಲು, ಈ ಮೂರೂ ಸೇರಿ ತಮ್ಮ ಆಯುಸ್ಸು ಕಡಿಮೆ ಮಾಡುತ್ತಿವೆ ಎಂಬುದು ಅವರ ಖಾಯಂ ದೂರು. ಹಾಗಾಗಿ ವಡಾಲದ ಅವರ ಬಿಲ್ಡಿಂಗಿಗೆ ಸ್ಮಾರ್ಟ್ ಮೀಟರ್ ಬಂದು, ಅದರ ಬೆನ್ನಿಗೇ ಕರೆಂಟ್ ಕಂಪನಿಯ ಆಪ್ ಕೂಡ ಬಂದಾಗ ಅವರಿಗೆ ಸ್ವರ್ಗಕ್ಕೆ ಮೂರೇ ಗೇಣು. ಫ್ರಿಡ್ಜಿಗೆ ಎಷ್ಟು, ಫ್ಯಾನಿಗೆ ಎಷ್ಟು, ಗ್ರೈಂಡರಿಗೆ ಎಷ್ಟು, ಯಾವ ಹೊತ್ತಿನಲ್ಲಿ ಯಾವುದು ಎಷ್ಟು ಕರೆಂಟ್ ಕುಡಿಯಿತು ಎಂದು ಮನೆಯ ಒಂದೊಂದು ಸಾಮಾನಿನ ಜಾತಕವನ್ನೂ ಬಿಡಿಸಿ ಹೇಳುವ ಆಪ್ ಅದು.

ಕೇಶವಮೂರ್ತಿಗಳು ಕುರ್ಲಾದ ಒಂದು ಪ್ಯಾಕಿಂಗ್ ಕಂಪನಿಯಲ್ಲಿ ಸ್ಟೋರ್ಸ್ ಮ್ಯಾನೇಜರು. ಮನೆಯಲ್ಲಿ ಅವರ ಹುದ್ದೆ ಇನ್ನೂ ದೊಡ್ಡದು. ಯಾರು ಯಾವ ಕೋಣೆಯಿಂದ ಎದ್ದರೂ ಹಿಂದೆಯೇ ಹೋಗಿ ಫ್ಯಾನು ದೀಪ ಆರಿಸುವುದು, ಫ್ರಿಡ್ಜಿನ ಬಾಗಿಲು ತೆರೆದರೆ "ಒಂದು, ಎರಡು, ಮೂರು" ಎಂದು ಗಟ್ಟಿಯಾಗಿ ಎಣಿಸುವುದು, ಸ್ನಾನಕ್ಕೆಂದು ಹೆಂಡತಿ ಮಗಳು ಏಳೂವರೆಗೆ ಗೀಸರ್ ಹಾಕಿದರೆ ಬಾಗಿಲ ಹೊರಗೆ ಗಡಿಯಾರ ಹಿಡಿದು ನಿಲ್ಲುವುದು. ಕಾಲೇಜಿಗೆ ಹೋಗುವ ಮಗಳು ಧಾತ್ರಿ ಅಪ್ಪನಿಗೆ 'ಬಿಜ್ಲಿ ಮಂತ್ರಿ' ಎಂದು ಹೆಸರಿಟ್ಟಿದ್ದಳು. ಅವರಿಗೆ ಅದು ಬೈಗುಳ ಎಂದು ಕೊನೆಯವರೆಗೂ ಹೊಳೆಯಲಿಲ್ಲ.

ಈ ಮಂತ್ರಿಗಿರಿಗೆ ಒಂದು ನೈತಿಕ ತಳಹದಿಯೂ ಇತ್ತು, ಅದೇ ತಣ್ಣೀರು ವ್ರತ. ಹನ್ನೊಂದು ವರ್ಷಗಳಿಂದ ಕೇಶವಮೂರ್ತಿಗಳು ಗೀಸರಿನ ನೀರನ್ನು ಮುಟ್ಟಿದವರಲ್ಲ. ರಾತ್ರಿಯೇ ಹಿತ್ತಾಳೆ ಬಕೆಟ್ಟಿನ ತುಂಬ ನಲ್ಲಿ ನೀರು ಹಿಡಿದಿಡುವುದು, ಬೆಳಗಿನ ಐದಕ್ಕೆ ಎದ್ದು ಬಾಲ್ಕನಿಯಲ್ಲಿ ಹದಿನೈದು ನಿಮಿಷ ಪ್ರಾಣಾಯಾಮ, ಆಮೇಲೆ ಆ ನೀರಿನಲ್ಲಿ ಸ್ನಾನ. (ಊರಿಗೆ ಹೋದಾಗ ಮಾವನ ಮನೆಯ ಹಂಡೆಯ ಬಿಸಿನೀರಿಗೆ ವ್ರತದಲ್ಲಿ ವಿನಾಯಿತಿ ಇತ್ತು. ಹಿರಿಯರ ಮನಸ್ಸು ನೋಯಿಸಬಾರದಲ್ಲ!)

"ಮೊದಲೆರಡು ದಿನ ಚಳಿ ಕಂಡ್ರೀ," ಎಂದು ಅವರು ಲೋಕಲ್‌ನಲ್ಲಿ ತಮ್ಮ ಪಕ್ಕೆಲುಬಿಗೆ ಅಂಟಿಕೊಂಡು ನಿಂತ ಅಪರಿಚಿತರಿಗೆಲ್ಲ ವಿವರಿಸುತ್ತಿದ್ದರು. "ಆಮೇಲೆ ಪ್ರಾಣಾಯಾಮದಿಂದ ಒಳಗಿನ ಅಗ್ನಿ ಎದ್ದೇಳುತ್ತೆ. ತಣ್ಣೀರೇ ಬೆಚ್ಚಗಾಗುತ್ತೆ. ನನಗಂತೂ ಡಿಸೆಂಬರಿನಲ್ಲಿ ಮೈಯಿಂದ ಹಬೆ ಏಳುತ್ತೆ, ಹಬೆ!" ಓಡಿಹೋಗಲು ಜಾಗವಿಲ್ಲದ ಜನ ತಲೆಯಾಡಿಸುತ್ತಿದ್ದರು.

ಈ ಕೀರ್ತಿ ಸೊಸೈಟಿಯ ಸೆಕ್ರೆಟರಿ ಸ್ನೇಹಲ್ ಮೇಡಂ ಅವರ ಕಿವಿಗೂ ಬಿತ್ತು. ಜನವರಿ ಇಪ್ಪತ್ತಾರಕ್ಕೆ ಧ್ವಜಾರೋಹಣದ ನಂತರ, ಬಿಲ್ಡಿಂಗಿನವರೆಲ್ಲರ ಮುಂದೆ ವಿದ್ಯುತ್ ಉಳಿತಾಯದ ಬಗ್ಗೆ ಮೂರ್ತಿಯವರ ಭಾಷಣ ಎಂದು ನೋಟಿಸ್ ಬೋರ್ಡಿನಲ್ಲಿ ಬರೆಸಿಬಿಟ್ಟರು. ಇಪ್ಪತ್ತು ವರ್ಷ ಒಂದೇ ಬಿಲ್ಡಿಂಗಿನಲ್ಲಿದ್ದರೂ 'ಫೋರ್ತ್ ಫ್ಲೋರ್ ವಾಲೇ ಮದ್ರಾಸಿ' ಎಂದೇ ಕರೆಸಿಕೊಂಡಿದ್ದ ಮನುಷ್ಯನಿಗೆ ಮೊದಲ ಬಾರಿಗೆ ತನ್ನ ಹೆಸರನ್ನು ಬೋರ್ಡಿನ ಮೇಲೆ ಕಾಣುವ ಯೋಗ. ಅವರು ಮೂರು ಸಲ ಕೆಳಗಿಳಿದು ಅದನ್ನು ಓದಿ ಬಂದರು, ಮೂರೂ ಸಲ ಲಿಫ್ಟ್ ಬಳಸದೆ. ಭಾಷಣಕ್ಕೆ ಪುರಾವೆ ಬೇಕಲ್ಲ? ಇಪ್ಪತ್ತೆರಡರ ಸಂಜೆ ಹೆಂಡತಿ ಮಗಳನ್ನು ಎದುರು ಕೂರಿಸಿಕೊಂಡು ಆಪ್ ತೆರೆದರು.

ಪರದೆಯ ಮೇಲೆ ಹೋಳಿಗೆಯನ್ನು ತುಂಡು ಮಾಡಿಟ್ಟಂತೆ ಒಂದು ಚಿತ್ರ ಬಂತು. ಫ್ರಿಡ್ಜ್ ಮೂವತ್ತು ಪರ್ಸೆಂಟ್. ಫ್ಯಾನು ಹದಿನಾಲ್ಕು. ಎಲ್ಲಕ್ಕಿಂತ ದೊಡ್ಡ ತುಂಡು, ಕೆಂಪು ಬಣ್ಣದ್ದು, ಗೀಸರಿನದು. ಮೂವತ್ತೆಂಟು ಪರ್ಸೆಂಟ್!

ಕೇಶವಮೂರ್ತಿಗಳು ಕನ್ನಡಕ ಒರೆಸಿಕೊಂಡು ಗಂಟೆಗಂಟೆಯ ಗ್ರಾಫ್ ತೆಗೆದರು. ಏಳೂವರೆಯ ಗೀಸರ್ ಅಲ್ಲಿತ್ತು, ಅದು ಗೊತ್ತಿದ್ದದ್ದೇ. ಆದರೆ ಅದಕ್ಕಿಂತ ಮುಂಚೆ ಇನ್ನೊಂದು ಗೋಪುರ ಎದ್ದು ನಿಂತಿತ್ತು. ಬೆಳಗಿನ ನಾಲ್ಕೂ ಮುಕ್ಕಾಲು. ಒಂದು ದಿನವಲ್ಲ, ತಿಂಗಳಿಡೀ, ಭಾನುವಾರವೂ ಬಿಡದೆ.

"ಈ ಮನೆಯಲ್ಲಿ ಕಳ್ಳ ಇದ್ದಾನೆ," ಎಂದು ಅವರು ಘೋಷಿಸಿದರು. "ಧಾತ್ರೀ, ನಿಜ ಹೇಳು."

"ಪಪ್ಪಾ, ಕುಛ್ ಭೀ! ಐದು ಗಂಟೆ ಮಾರ್ನಿಂಗ್‌ನಲ್ಲಿ ಕೂಡ ಬರುತ್ತೆ ಅಂತಾನೇ ನಂಗೆ ಗೊತ್ತಿಲ್ಲ," ಎಂದಳು ಮಗಳು. ಅದು ಒಪ್ಪತಕ್ಕ ಮಾತೇ ಆಗಿತ್ತು.

"ಅಂದಾಜು ತಾನೇ ರೀ ಅದು?" ಪುಟ್ಟಲಕ್ಷ್ಮಿ ಹುರುಳಿಕಾಯಿ ಮುರಿಯುತ್ತಾ, ತಲೆ ಎತ್ತದೆ ಹೇಳಿದರು. "ಕುಕ್ಕರನ್ನೇ ಗೀಸರ್ ಅಂದ್ಕೊಂಡಿರಬೇಕು."

"ಕುಕ್ಕರ್ ನೀನು ಗ್ಯಾಸಿನ ಮೇಲಿಡ್ತೀಯ!"

"ಅದನ್ನ ಮೀಟರಿಗೆ ಯಾರು ಹೇಳಿದ್ರು?"

ಈ ತರ್ಕಕ್ಕೆ ಉತ್ತರ ಹುಡುಕುತ್ತ ಕೂತರೆ ಗಣರಾಜ್ಯೋತ್ಸವ ಮುಗಿದೇ ಹೋಗುತ್ತದೆ ಎಂದು ಕೇಶವಮೂರ್ತಿಗಳಿಗೆ ಅನುಭವದಿಂದ ಗೊತ್ತಿತ್ತು. ಇದು ಹೊರಗಿನವರ ಕೈವಾಡ, ಯಾರೋ ತಮ್ಮ ಲೈನಿನಿಂದ ವೈರ್ ಎಳೆದು ನೀರು ಕಾಯಿಸಿಕೊಳ್ಳುತ್ತಿದ್ದಾರೆ ಎಂದು ತೀರ್ಮಾನಿಸಿದರು. ಕೆಳಗಿಳಿದು ವಾಚ್‌ಮನ್ ಭೀಮರಾಯನನ್ನು ಹಿಡಿದರು. ಯಾದಗಿರಿ ಕಡೆಯ ಭೀಮರಾಯ ಬಿಲ್ಡಿಂಗಿನಲ್ಲಿ ಅವರೊಡನೆ ಕನ್ನಡ ಮಾತಾಡುವ ಏಕೈಕ ಪ್ರಾಣಿ, ಮೇಲಾಗಿ ಅವರ ತಣ್ಣೀರು ವ್ರತದ ಪರಮ ಭಕ್ತ. ಮುಂಜಾನೆ ಮೀಟರ್ ರೂಮಿನ ಮುಂದೆ ಕೂತು ನಾಲ್ಕನೇ ಮಹಡಿಯ ಮೀಟರನ್ನು ಕಣ್ಣು ಮುಚ್ಚದೆ ಕಾಯಬೇಕೆಂದು ಅವನಿಗೆ ಆಜ್ಞೆಯಾಯಿತು.

ಎರಡು ದಿನ ಕಾದು ಭೀಮರಾಯ ವರದಿ ಒಪ್ಪಿಸಿದ. "ಪಾವ್ಣೆ ಪಾಂಚ್, ನಾಕೂ ಮುಕ್ಕಾಲು ಆತಂದ್ರ ಸಾಹೇಬ್ರ, ನಿಮ್ಮ ಮೀಟರಿನ ಲೈಟು ಪಟಾಪಟಾ ಬಡಕೊಳ್ಳಾಕ ಚಾಲೂ ಮಾಡತೈತ್ರಿ. ಐದು ಹೊಡದ ಹತ್ತ ಮಿನಿಟಿಗೆ ಗಪ್! ಹೊರಗಿಂದ ವಾಯರ್ ಗೀಯರ್ ಏನೂ ಇಲ್ರಿ. ಕಳ್ಳ ಒಳಗ ಅದಾನ್ರಿ."

ಇಪ್ಪತ್ತೈದರ ಮುಂಜಾನೆ ಕೇಶವಮೂರ್ತಿಗಳು ಅಲಾರಂ ಇಲ್ಲದೆಯೇ ಎದ್ದರು. ಪಕ್ಕದಲ್ಲಿ ಹೆಂಡತಿ ಇರಲಿಲ್ಲ. ಡಿಕಾಕ್ಷನ್ ಇಳಿಸಲು ಎದ್ದಿರುತ್ತಾಳೆ ಎಂದುಕೊಂಡರು. ಐದಕ್ಕೆ ಎಂದಿನಂತೆ ಬಾಲ್ಕನಿಗೆ ಹೋದರು, ಆದರೆ ಉಸಿರು ಎಳೆದುಕೊಳ್ಳುವ ಬದಲು ಬಿಗಿಹಿಡಿದು, ತುದಿಗಾಲಿನಲ್ಲಿ ಹಿಂತಿರುಗಿ ಬಚ್ಚಲಿನ ಬಾಗಿಲ ಸಂದಿಗೆ ಕಣ್ಣಿಟ್ಟರು.

ಒಳಗೆ ಪುಟ್ಟಲಕ್ಷ್ಮಿ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. ಹಿತ್ತಾಳೆ ಬಕೆಟ್ಟಿನಿಂದ ನಾಲ್ಕೈದು ತಂಬಿಗೆ ತಣ್ಣೀರು ಮೊಗೆದು ಚೆಲ್ಲಿದರು. ಗೀಸರಿನ ನಲ್ಲಿ ತಿರುಗಿಸಿ ಹೊಗೆಯಾಡುವ ನೀರನ್ನು ಅದೇ ಬಕೆಟ್ಟಿಗೆ ಬಿಟ್ಟರು. ಆಮೇಲೆ ಎಳೆಮಗುವಿಗೆ ನೀರು ಹದ ನೋಡುವಂತೆ ಮೊಣಕೈ ಅದ್ದಿ ನೋಡಿದರು. ಸಾಲದೆನ್ನಿಸಿತೇನೋ, ಮತ್ತೆ ನಲ್ಲಿ ತಿರುಗಿಸಿದರು.

"ಪುಟ್ಟಲಕ್ಷ್ಮೀ!"

ಸಿಕ್ಕಿಬಿದ್ದವರು ಬೆಚ್ಚಬೇಕು. ಪುಟ್ಟಲಕ್ಷ್ಮಿ ಬೆಚ್ಚಲಿಲ್ಲ. "ಬಂದುಬಿಟ್ರಾ? ಇನ್ನೂ ಎರಡು ತಂಬಿಗೆ ಬೇಕಿತ್ತು," ಎಂದರು.

"ಎಷ್ಟು ದಿನದಿಂದ ನಡೀತಿದೆ ಇದು?" ಕೇಶವಮೂರ್ತಿಗಳ ದನಿ ಬಾಗಿಲ ಚಿಲಕದಂತೆ ಕಿರುಗುಟ್ಟಿತು.

"ನಿಮ್ಮ ವ್ರತ ಶುರುವಾಯ್ತಲ್ಲ, ಅದರ ಎಂಟನೇ ದಿನದಿಂದ. ಎದೆ ಕಟ್ಟಿ, ಜ್ವರ ಬಂದು, ರಾತ್ರಿಯೆಲ್ಲ ಗೊರಗೊರ ಅಂತಿದ್ರಿ. ಡಾಕ್ಟರು ತಣ್ಣೀರು ಬಿಡಿ ಅಂದ್ರು. ನೀವು ಡಾಕ್ಟರನ್ನ ಬದಲಾಯಿಸಿದ್ರಿ. ನಾನು ನೀರನ್ನ ಬದಲಾಯಿಸ್ದೆ."

"ಹನ್ನೊಂದು ವರ್ಷ! ಹಾಗಾದರೆ ನನ್ನ ತಪಸ್ಸು? ಒಳಗಿನ ಅಗ್ನಿ? ಆ ಹಬೆ?"

"ಹಬೆ ನಿಜವಾದದ್ದೇ. ಬಿಸಿನೀರು ಇದ್ದಲ್ಲಿ ಹಬೆ ಇರುತ್ತಪ್ಪ. ತಪಸ್ಸೂ ನಿಮ್ಮದೇ, ಯಾರು ಬೇಡ ಅಂದ್ರು? ನಾಲ್ಕೂವರೆಗೆ ಏಳ್ತಿದ್ದದ್ದು ಮಾತ್ರ ನಾನು." ಆಮೇಲೆ ಸ್ವಲ್ಪ ಮೆತ್ತಗಾಗಿ ಸೇರಿಸಿದರು. "ತಣ್ಣೀರಾದ್ರೂ ತಣಿಸಿ ಕುಡಿ ಅಂತಾರೆ ದೊಡ್ಡವರು. ನಾನು ಕಾಯಿಸಿ ಕೊಟ್ಟೆ, ಅಷ್ಟೇ ವ್ಯತ್ಯಾಸ."

ಕೇಶವಮೂರ್ತಿಗಳಿಗೆ ಕಾಲ ಕೆಳಗಿನ ಟೈಲ್ಸೇ ಜಾರಿದಂತಾಯಿತು. ಹನ್ನೊಂದು ವರ್ಷ ಚಳಿಗಾಲ ಮಳೆಗಾಲ ಅನ್ನದೆ ತನಗಾಗಿ ಎದ್ದವಳ ಬಗ್ಗೆ ಒಂದು ಗಳಿಗೆ ಕಣ್ಣು ಒದ್ದೆಯಾಗುವುದರಲ್ಲಿತ್ತು. ಅಷ್ಟರಲ್ಲಿ ನೋಟಿಸ್ ಬೋರ್ಡು ನೆನಪಾಯಿತು. ನಾಳೆ ಭಾಷಣ! ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ ಅವರು. (ಇಷ್ಟು ವರ್ಷ ಹೇಳಿದ್ದೂ ಸುಳ್ಳೆಂದು ಅವರಿಗೆ ಗೊತ್ತಿರಲಿಲ್ಲವಷ್ಟೆ.) ಮಾನ ಉಳಿಯಬೇಕಾದರೆ ಒಂದೇ ದಾರಿ. ಭಾಷಣಕ್ಕೆ ಮೊದಲು ಒಂದು ಸಲವಾದರೂ ಅಪ್ಪಟ ತಣ್ಣೀರು ಹೊಯ್ದುಕೊಂಡಿರಬೇಕು.

"ಗೀಸರ್ ಆಫ್ ಮಾಡು, ಅದರಲ್ಲಿರೋ ಬಿಸಿನೀರೂ ಚೆಲ್ಲು. ಬಕೆಟ್ ಖಾಲಿ ಮಾಡು. ಟ್ಯಾಂಕಿನ ನೀರು ತುಂಬು!"

"ಬೇಡ ರೀ, ವಯಸ್ಸೆಷ್ಟು ಅಂತ ನೋಡ್ಕೊಳ್ಳಿ."

"ಆಫ್ ಮಾಡು ಅಂದೆ!"

ಬಾಗಿಲು ಧಡಾರನೆ ಮುಚ್ಚಿತು. ಮೊದಲ ತಂಬಿಗೆಯನ್ನು ಕಾಲಿನ ಮೇಲೆ ಹೊಯ್ದುಕೊಂಡರು, ಹಲ್ಲು ಕಚ್ಚಿ ಸಹಿಸಿದರು. ಧೈರ್ಯ ಬಂದು ಮೈತುಂಬ ಸೋಪು ಹಚ್ಚಿಕೊಂಡರು. ಎರಡನೆಯದನ್ನು ಹರಹರ ಎನ್ನುತ್ತಾ ತುಂಬಿ, ನಡುನೆತ್ತಿಗೆ ಸುರಿದುಕೊಂಡರು.

ಆಗ ಹೊರಟ ಕೂಗು ಮನುಷ್ಯನದೆಂದು ಯಾರೂ ನಂಬಲಿಲ್ಲ. ಧಾತ್ರಿ ಹಾಸಿಗೆಯಿಂದ ಉರುಳಿದಳು. ಎದುರು ಬಿಲ್ಡಿಂಗಿನ ನಾಯಿಗಳು ದನಿಗೂಡಿಸಿದವು. ಮೀಟರ್ ರೂಮಿನ ಮುಂದೆ ನಿಷ್ಠೆಯಿಂದ ಕೂತಿದ್ದ ಭೀಮರಾಯನಿಗೆ ಮಾತ್ರ ಅದು ಸಾಹೇಬರ ದನಿ ಎಂದು ಗುರುತು ಸಿಕ್ಕಿತು. ಹಿಂದೆಮುಂದೆ ನೋಡದೆ ಇಡೀ ಬಿಲ್ಡಿಂಗಿನ ಮೇನ್ ಸ್ವಿಚ್ ಎಳೆದವನೇ, "ಸಾಹೇಬ್ರಿಗೆ ಕರೆಂಟ್ ಹೊಡದೈತಿ! ಶಾಕ್! ಶಾಕ್!" ಎಂದು ಕೂಗುತ್ತಾ ನಾಲ್ಕು ಮಹಡಿ ಓಡಿ ಬಂದ. ಕತ್ತಲಾದ ಮನೆಗಳಿಂದ ಜನ ಮೊಬೈಲ್ ಬೆಳಕು ಹಿಡಿದು ಹೊರಬಂದರು. ಐದು ನಿಮಿಷದಲ್ಲಿ ಕೇಶವಮೂರ್ತಿಗಳ ಹಾಲ್ ತುಂಬಿತು.

ಟವೆಲ್ ಸುತ್ತಿಕೊಂಡು, ಮೈಯೆಲ್ಲ ಸೋಪಿನ ನೊರೆಯಾಗಿ, ಗಡಗಡ ನಡುಗುತ್ತಾ ಅವರು ಬಚ್ಚಲ ಬಾಗಿಲಲ್ಲಿ ಕಾಣಿಸಿಕೊಂಡಾಗ ಹತ್ತು ಮೊಬೈಲ್‌ಗಳ ಬೆಳಕು ಒಟ್ಟಿಗೇ ಮುಖಕ್ಕೆ ಬಿತ್ತು.

"ಮೂರ್ತಿಜೀ, ಶಾಕ್ ಲಗಾ ಕ್ಯಾ?" ಸ್ನೇಹಲ್ ಮೇಡಂ ಗಾಬರಿಯಿಂದ ಕೇಳಿದರು.

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. "ಹಾಂ ಹಾಂ, ಶಾಕ್! ಬಹುತ್ ಬಡಾ ಶಾಕ್!" ಎಂದರು ಕೇಶವಮೂರ್ತಿಗಳು. "ಗೀ... ಗೀಸರ್ ಸೇ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು, ಆದರೆ ತಡವಾಗಿತ್ತು. "ಲೇಕಿನ್ ಆಪ್ ತೋ ಗೀಸರ್ ಯೂಸ್ ಹೀ ನಹೀ ಕರತೇ!" ಎಂದರು ಮೇಡಂ. ಹಾಲ್‌ನಲ್ಲಿ ಗುಸುಗುಸು ಎದ್ದಿತು. ತಣ್ಣೀರಿನ ಮಹಾತ್ಮ ಕದ್ದು ಗೀಸರ್ ಹಾಕುತ್ತಿದ್ದನೇ?

ಭಕ್ತನಿಗೆ ಇದು ತಡೆಯಲಾಗಲಿಲ್ಲ. ಭೀಮರಾಯ ಮುಂದೆ ಬಂದು ಎದೆ ತಟ್ಟಿ ಸಾಕ್ಷಿ ನುಡಿದ. "ಇಲ್ರೀ ಮೇಡಂ! ನಾನs ಮೀಟರ್ ನೋಡಕೋತ ಕುಂತಿದ್ದೆ. ಸಾಹೇಬ್ರು ಒದರೂ ಮುಂದ ಗೀಜರ್ ಬಂದ್ ಆಗಿತ್ರಿ, ಲೈಟು ಗಪ್! ನಮ್ಮ ಸಾಹೇಬ್ರು ಥಂಡಾ ಪಾನೀನs ಹೊಯ್ಕೊಂಡಾರ್ರಿ!" ಅದನ್ನೇ ಹಿಂದಿಯಲ್ಲೂ ಒಮ್ಮೆ ಕೂಗಿದ. ಆಮೇಲೆ ಅವನಿಗೇ ಏನೋ ಲೆಕ್ಕ ತಪ್ಪಿದಂತೆನಿಸಿ ತಲೆ ಕೆರೆದುಕೊಂಡ. "ಅಲ್ರೀ ಸಾಹೇಬ್ರ, ಹನ್ನೊಂದ ವರ್ಸದಿಂದ ತಣ್ಣೀರಾಗ ಜಳಕ ಮಾಡೂ ಮಂದಿ, ಇವತ್ತ್ಯಾಕ ಹಂಗ ಒದರಿದ್ರಿ?"

ಕನ್ನಡ ಬಾರದವರಿಗೂ ಆ ಪ್ರಶ್ನೆ ಅರ್ಥವಾದಂತಿತ್ತು. ಕೇಶವಮೂರ್ತಿಗಳು ಒಬ್ಬೊಬ್ಬರ ಮುಖ ನೋಡಿದರು. ಹಲ್ಲು ಕಟಕಟ ಅನ್ನುತ್ತಿತ್ತು. ಸೋಪು ಒಣಗಿ ಮೈ ಬಿಗಿಯುತ್ತಿತ್ತು. ಬಕೆಟ್ಟಿನಲ್ಲಿ ಇನ್ನೂ ಮುಕ್ಕಾಲು ಪಾಲು ತಣ್ಣೀರಿತ್ತು. ಹನ್ನೊಂದು ವರ್ಷದ ಮಾನವನ್ನು ಆ ಬಕೆಟ್ಟಿನ ಪಕ್ಕ ಇಟ್ಟು ತೂಗಿ ನೋಡಿದರು. ಬಕೆಟ್ಟೇ ಹೆಚ್ಚು ತೂಗಿತು.

"ಪುಟ್ಟೂ," ಎಂದರು ಅಳುದನಿಯಲ್ಲಿ, ಎಲ್ಲರೆದುರೇ. "ಎರಡು ತಂಬಿಗೆ ಬಿಸಿನೀರು ಕೊಡೇ."

"ಈಗೆಲ್ಲಿಂದ ತರಲಿ? ನಿಮ್ಮ ಭೀಮರಾಯ ಬಿಲ್ಡಿಂಗಿನ ಕರೆಂಟನ್ನೇ ತೆಗೆದಿದ್ದಾನಲ್ಲ." ಪುಟ್ಟಲಕ್ಷ್ಮಿ ಗಂಡನ ಹೆಗಲಿಗೆ ಒಣ ಟವೆಲ್ ಹೊದಿಸಿ, ಬೆಂಕಿಪೊಟ್ಟಣ ಹುಡುಕುತ್ತಾ ಅಡುಗೆಮನೆಯ ಕಡೆ ಹೊರಟರು. "ಇರಿ, ಗ್ಯಾಸಿನ ಮೇಲೆ ಕಾಯಿಸ್ತೀನಿ. ಪುಣ್ಯಕ್ಕೆ ಅದಕ್ಕಿನ್ನೂ ಆಪ್ ಬಂದಿಲ್ಲ."